ಮನೆಯವರು

ಸ್ವಾನ್ಸೀ, ಅಪ್ಲ್ಯಾಂಡ್ಸ್ ಗುಡ್ಡದ ಕ್ಲಿನಿಕ್ಕು.
ನನಗೆ ಇಂಗ್ಲಿಷ್ ಬರುತ್ತದೆ, ಆದರೂ ದುಭಾಷಿ ಬೇಕೆಂದೆ.
ರಿಸೆಪ್ಷನ್ನಿನ ಹುಡುಗಿ ತಲೆಯೆತ್ತಿ ನೋಡಿದಳು.
ಹೇಗೆ ಹೇಳಲಿ,
ಇಂಗ್ಲಿಷಿನಲ್ಲಿ ನಾನು ಯಾವಾಗಲೂ ಚೆನ್ನಾಗಿಯೇ ಇರುತ್ತೇನೆ.
ಹನ್ನೊಂದು ವರ್ಷದಿಂದ, ಬಸ್ಸಿನಲ್ಲಿ, ಲ್ಯಾಬಿನಲ್ಲಿ, ಲಿಫ್ಟಿನಲ್ಲಿ,
ಫೈನ್, ಥ್ಯಾಂಕ್ಯೂ.

ಒಂಬತ್ತು ಪ್ರಶ್ನೆಯ ಹಾಳೆ ಕೊಟ್ಟಿದ್ದರು.
ಕಳೆದ ಎರಡು ವಾರದಲ್ಲಿ ಎಷ್ಟು ದಿನ ನಿದ್ದೆ ಬರಲಿಲ್ಲ,
ಎಷ್ಟು ದಿನ ಬದುಕು ಸಾಕೆನಿಸಿತು.
ಎರಡೇ ವಾರದ ಲೆಕ್ಕ. ಹಿಂದಿನದಕ್ಕೆ ಹಾಳೆಯಿಲ್ಲ.
ಇಪ್ಪತ್ತೇಳಕ್ಕೆ ಹತ್ತೊಂಬತ್ತು ಬಂತು.
ಶಾಲೆಯಲ್ಲಾಗಿದ್ದರೆ ಫಸ್ಟ್ ಕ್ಲಾಸು,
ಅಪ್ಪ ಬೀದಿಗೆಲ್ಲ ಬತ್ತಾಸು ಹಂಚುತ್ತಿದ್ದರು.

ಮೇಜಿನ ಮೇಲೆ ಫೋನು, ಫೋನಿನೊಳಗೆ ಒಬ್ಬ ಹೆಂಗಸು.
ಧಾರವಾಡದ ಕಡೆಯ ದನಿ. "ಹೇಳ್ರಿ" ಎಂದಳು.

ಫೆಬ್ರವರಿಯಲ್ಲಿ ನಮ್ಮ ಬಾಗಿಲ ಕಿಂಡಿಯಿಂದ ಒಂದು ಕಾಗದ ಬಿತ್ತು.
ಅಂಚೆಚೀಟಿ ಇರಲಿಲ್ಲ. ಸಹಿಯೂ.
ಬರೆದವರಿಗೆ ನಮ್ಮ ಮನೆಯಲ್ಲಿ ಮಂಚ ಒಂದೇ ಎಂದು ಗೊತ್ತಿತ್ತು.
ಅಂದಿನಿಂದ ಕಿಂಡಿಯ ತಗಡು ಟಪ್ಪೆಂದರೆ
ಹೊಟ್ಟೆಯೊಳಗೊಂದು ಬಿಂದಿಗೆ ಹಗ್ಗ ಹರಿದು ಬೀಳುತ್ತದೆ,
ನೀರು ಮುಟ್ಟಿದ ಸದ್ದು ಮಾತ್ರ ಬರುವುದೇ ಇಲ್ಲ.
ಕಿಂಡಿಗೆ ಟೇಪು ಅಂಟಿಸಿದೆ.
ಆದರೆ ನೆರಿಸ್ ಅಂಚೆ ಹಂಚುವವಳು.
ದಿನಕ್ಕೆ ಆರುನೂರು ಬಾಗಿಲು, ಆರುನೂರು ಟಪ್.
ಆ ಸದ್ದಿನಿಂದಲೇ ನಮ್ಮ ಅಕ್ಕಿ, ನಮ್ಮ ಬಾಡಿಗೆ.
ಸಂಜೆ ಅವಳು ಬೂಟು ಬಿಚ್ಚುವಾಗ
ಆ ಬೆರಳುಗಳನ್ನು ನೋಡುತ್ತೇನೆ, ಮುಟ್ಟಲಾರೆ.

ಫೋನಿಗೆ ನೆರಿಸ್ ಎನ್ನಲಿಲ್ಲ.
ನಮ್ಮ ಮನೆಯವರು ಅಂದೆ.
ಅಜ್ಜಿ ಅಂದದ್ದು, ಅಮ್ಮ ಅಂದದ್ದು,
ಗಂಡನ ಹೆಸರು ಹೇಳಲಾಗದ ಹೆಂಗಸರು ಕಂಡುಕೊಂಡ ಮಾತು.
ಅದಕ್ಕೆ ಮೀಸೆಯಿಲ್ಲ, ಬಳೆಯೂ ಇಲ್ಲ.
ಆ ಮಾತಿನ ಸೂರಿನಡಿ ನಾವಿಬ್ಬರೂ
ನೆನೆಯದೆ ನಿಂತದ್ದು ಎಷ್ಟು ಸಲ.
"ಅವರು ಹೇಗಿದ್ದಾರೆ?" ಅನ್ನುತ್ತಾಳೆ ಅಮ್ಮ, ದನಿ ತಗ್ಗಿಸಿ.
"ಚೆನ್ನಾಗಿದ್ದಾರೆ."
ತಂಗಿಯ ಮದುವೆ ಮುಗಿಯುವವರೆಗೆ ಬರಬೇಡ ಎಂದಿದ್ದ ಅಣ್ಣ.
ತಂಗಿಯ ಮಗ ಈಗ ಮೂರನೇ ಕ್ಲಾಸು.

ಫೋನು ಹೇಳಿತು: ಹರ್ ಹಸ್ಬೆಂಡ್.
ಡಾಕ್ಟರ್ ಪೆನ್ನು ನಿಲ್ಲಿಸಿ, ಮೆಲ್ಲಗೆ,
"ಅವನು ಹೊಡೆಯುತ್ತಾನಾ?"

ಮೂರು ತಿಂಗಳಲ್ಲಿ ಮೊದಲ ಸಲ ನಕ್ಕೆ.
ನಗು ನಡುವೆಲ್ಲೋ ದಾರಿ ತಪ್ಪಿತು,
ಟಿಶ್ಯೂ ಡಬ್ಬಿ ನನ್ನತ್ತ ಸರಿಯಿತು.

ಬಿಟ್ಟುಬಿಡಬಹುದಿತ್ತು. ಬಿಟ್ಟೂ ಇದ್ದೇನೆ,
ಮನೆಯ ಮಾಲೀಕ "ಅಕ್ಕತಂಗಿಯರಾ?" ಎಂದಾಗ,
ನೆರಿಸಳ ಆಪರೇಷನ್ನಿನ ದಿನ
ಫ್ರೆಂಡ್ ಎಂದು ಬರೆದು ಕಾರಿಡಾರಿನಲ್ಲೇ ಕೂತಾಗ.
ತಿರುವಿನಲ್ಲಿ ಹುಡುಗರ ಗುಂಪು ಕಾಣುವ ಮೊದಲೇ
ನನ್ನ ಕೈ ಅವಳ ಕೈ ಬಿಡುತ್ತದೆ,
ನನ್ನನ್ನು ಕೇಳುವುದಿಲ್ಲ.
ಕಾದ ಕಾವಲಿ ಮುಟ್ಟಿದ ಕೈಗೆ
ಯಾರ ಅಪ್ಪಣೆ ಬೇಕು?

ಮನೆಯವರಲ್ಲ, ಅಂದೆ.
ಮನೆಯವಳು.
ರು ತೆಗೆದು ಳು, ಒಂದೇ ಅಕ್ಷರ.
ನಾಲಿಗೆಯನ್ನು ಹಿಂದಕ್ಕೆ ಮಡಚಿ
ಅಂಗುಳಕ್ಕೆ ತಾಗಿಸಿ, ಬಿಡಬೇಕು.

ಫೋನಿನಲ್ಲಿ ಏನೂ ಇಲ್ಲ.
ಲೈನು ಹೋಯಿತೇ ಎಂದು ಡಾಕ್ಟರ್ ಬಗ್ಗಿ ನೋಡಿದರು.
ಎಲ್ಲೋ ಅವಳ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು,
ಎರಡು ಸಲ.
ಆಮೇಲೆ, ಮೊದಲಿಗಿಂತ ನಿಧಾನವಾಗಿ,
ಹರ್ ವೈಫ್ ಎಂದಳು.
ತಪ್ಪು ನನ್ನದು, ತಿದ್ದಿಕೊಳ್ಳಿ ಎಂದೂ.

ಮಾತ್ರೆ ಬರೆದರು. ಕೌನ್ಸೆಲಿಂಗಿಗೆ ಹದಿನಾಲ್ಕು ವಾರ ಕಾಯಬೇಕಂತೆ.
ನೆರಿಸ್ ಹೊರಗೆ ಮಳೆಕೋಟಿನಲ್ಲಿ,
ಕಿಟಕಿಯಿಂದ ಅವಳ ಟೋಪಿ ಮಾತ್ರ ಕಾಣುತ್ತಿತ್ತು.
ಫೋನಿಡುವ ಮುನ್ನ ಆ ಹೆಂಗಸು
ಕೆಲಸದ ನಿಯಮದಲ್ಲಿಲ್ಲದ ಒಂದು ಮಾತು ಕೇಳಿದಳು:
"ಊಟ ಆತೇನವಾ?"
ಇಬ್ಬರದೂ ಅಂದಳೋ,
ನಾನೇ ಹಾಗೆ ಕೇಳಿಸಿಕೊಂಡೆನೋ.

"ಏನಂದರು?" ಎಂದರು ಡಾಕ್ಟರ್.
ನನಗೆ ಇಂಗ್ಲಿಷ್ ಬರಲಿಲ್ಲ.